ಸೋಮವಾರದ ಒಂದು ಮಾತು

ಕನ್ನಡಕ ಒರೆಸಿಕೊಳ್ಳಲು ಒಬ್ಬ ಮನುಷ್ಯನಿಗೆ ಅಷ್ಟು ಹೊತ್ತು ಯಾಕೆ ಬೇಕು ಎಂದು ನನಗೆ ಬಹಳ ದಿನ ಸಿಟ್ಟು ಬರುತ್ತಿತ್ತು. ಸೋಮವಾರ ಹತ್ತು ಗಂಟೆಗೆ ಮೀಟಿಂಗ್. ನಮ್ಮ ಮಾಲೀಕರಾದ ಸಾವ್ಕಾರರು ಬಂದು ಕುಳಿತಿರುತ್ತಿದ್ದರು, ಫ್ಯಾನು ಗರಗರ ತಿರುಗುತ್ತಿರುತ್ತಿತ್ತು, ಎಲ್ಲರೂ ತಯಾರು. ಮಾಲು ಪರೀಕ್ಷೆ ಮಾಡುವ ನಮ್ಮ ಸರ್ ಮಾತ್ರ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಮೊದಲು ಒಂದು ಗಾಜು, ಆಮೇಲೆ ಇನ್ನೊಂದು ಗಾಜು, ತಲೆ ತಗ್ಗಿಸಿ ಒರೆಸುತ್ತಲೇ ಇರುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಸರ್, ಮನ್ಯಾಗ ಒರಸ್ಕೊಂಡ ಬರಾಕ ಆಗಂಗಿಲ್ಲೇನ್ರಿ?"

ಅವರು ನಾಚಿಕೊಂಡರು. "ಹಂಗಲ್ರಿ ಅಕ್ಕಾರ. ಪ್ರಾರ್ಥನಾ ಮಾಡಾಕತ್ತಿದ್ದೆ. ಸುಮ್ನ ಕಣ್ಣ ಮುಚ್ಚಿ ಕುಂತ್ರ ನಿಮಗೆಲ್ಲಾ ಸಂಕೋಚ ಆಗತೈತಿ. ಅದಕ್ಕ ಕನ್ನಡಕ ತಗೀತೀನಿ."

ಒಣದ್ರಾಕ್ಷಿಯ ಮೀಟಿಂಗಿಗೆ ಪ್ರಾರ್ಥನೆ! ನಾನು ಅವರ ಮುಖದ ಮೇಲೆಯೇ ನಕ್ಕುಬಿಟ್ಟೆ. ಅವರೂ ನಕ್ಕರು. ಹೋದ ವಾರ ಅವರನ್ನು ಮಣ್ಣು ಮಾಡಿ ಬಂದೆವು. ಅಂದಿನಿಂದ ಆ ನಗು ಮತ್ತೆ ಮತ್ತೆ ನೆನಪಾಗುತ್ತದೆ.

ನಮ್ಮದು ವಿಜಾಪುರದ ಅಥಣಿ ರಸ್ತೆಯಲ್ಲಿರುವ ಒಂದು ಕೋಲ್ಡ್ ಸ್ಟೋರೇಜ್. ತಿಕೋಟಾ, ಬಬಲೇಶ್ವರ ಕಡೆಯ ರೈತರ ಒಣದ್ರಾಕ್ಷಿ ನಮ್ಮಲ್ಲಿಗೆ ಬರುತ್ತದೆ; ತಂಪಿನಲ್ಲಿಟ್ಟು, ಬಣ್ಣ ಗಾತ್ರ ನೋಡಿ ಬೇರ್ಪಡಿಸಿ, ಬಾಕ್ಸಿಗೆ ತುಂಬಿ ಸಾಂಗಲಿಯ ವ್ಯಾಪಾರಿಗಳಿಗೆ ಕಳಿಸುತ್ತೇವೆ. ಎರಡೂ ಊರುಗಳಲ್ಲಿ ನಮ್ಮ ಒಂದೊಂದು ಗೋದಾಮು ಇದೆ. ನಾನು ಲಾರಿಗೆ ಮಾಲು ಹತ್ತಿಸುವ ವಿಭಾಗ ನೋಡಿಕೊಳ್ಳುತ್ತೇನೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಾಜಾರದ ಗದ್ದಲದ ನಡುವೆ ಹುಟ್ಟಿ ಬೆಳೆದವಳು. ಅಲ್ಲಿ ಮೆತ್ತಗೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಹೀಗಾಗಿ ನನ್ನ ಬಾಯಿ ಜೋರು. ಅವರು ಮಾಲಿನ ಗುಣಮಟ್ಟ ನೋಡುವವರು. ಅವರು ಬೆರಳಲ್ಲಿ ಹಿಸುಕಿ ಸರಿ ಎಂದರೆ ಸಾಂಗಲಿಯವರು ಬಾಕ್ಸು ತೆಗೆದೂ ನೋಡುತ್ತಿರಲಿಲ್ಲ.

ಅಜ್ಜನ ಕಾಲದಿಂದ ಅವರದು ಕ್ರೈಸ್ತ ಮನೆತನ. ಮಾತು ಮಾತ್ರ ಅಪ್ಪಟ ವಿಜಾಪುರದ್ದು. ಡಿಸೆಂಬರಿನಲ್ಲಿ ಹಬ್ಬಕ್ಕೆ ನಮಗೆಲ್ಲ ಕರ್ಚಿಕಾಯಿ ತರುತ್ತಿದ್ದರು. ಎದುರಿಗೆ ಎಲ್ಲರೂ ಸರ್ ಅನ್ನುತ್ತಿದ್ದರು, ಹಿಂದಿನಿಂದ ಪಾದ್ರಿ. ಅವರಿಗೂ ಅದು ಗೊತ್ತಿತ್ತು. "ಪಾದ್ರಿಗೆ ಬರೇ ಒಂದ ದಿನದ ಕೆಲಸರಿ, ನನಗ ಆರು ದಿನ ಐತಿ" ಎಂದು ತಾವೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು.

ಅವರು ಬರುವ ಮೊದಲು ನಮ್ಮ ಮೀಟಿಂಗಿಗೆ ಒಂದು ಪದ್ಧತಿ ಇತ್ತು. ಯಾರು ಬಂದಿಲ್ಲವೋ ಅವರ ಮೇಲೆ ಹಾಕುವುದು. ಮಾಲು ತಡವಾಯಿತೇ, ಡ್ರೈವರ್ ಸರಿ ಇಲ್ಲ. ಬಾಕ್ಸು ಒದ್ದೆಯಾಯಿತೇ, ಹಮಾಲರು ಸರಿ ಇಲ್ಲ. ಚಹಾ ಕುಡಿದು ಎದ್ದು ಹೋಗುವಷ್ಟರಲ್ಲಿ ಒಳಗೆ ಕುಳಿತವರೆಲ್ಲ ಒಳ್ಳೆಯವರಾಗಿರುತ್ತಿದ್ದೆವು. ಅವರ ಮೊದಲನೇ ಮೀಟಿಂಗಿನಲ್ಲೂ ಹೀಗೇ ಆಯಿತು. ಮಳೆಗೆ ಮಾಲು ತೊಯ್ದದ್ದು ಡ್ರೈವರ್ ಬಸುವಿನ ತಪ್ಪು ಎಂದು ಎಲ್ಲರೂ ಒಪ್ಪಿ ಮುಗಿಸುತ್ತಿದ್ದಾಗ ಇವರು ಎದ್ದು ಹೊರಗೆ ಹೋದರು. ಬೇವಿನ ಗಿಡದ ಕೆಳಗೆ ರೊಟ್ಟಿ ತಿನ್ನುತ್ತಿದ್ದ ಬಸುವನ್ನು ಎಬ್ಬಿಸಿಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಅವನ ಬೆರಳಿಗೆ ಇನ್ನೂ ಚಟ್ನಿಪುಡಿ ಮೆತ್ತಿತ್ತು.

"ಈಗ ಅನ್ರಿ, ಏನೇನ ಅನ್ನಾಕತ್ತಿದ್ರಿ" ಎಂದರು.

ಬಸು ಅಳುಕುತ್ತ ಹೇಳಿದ: "ತಾಡಪಾಲ ಹರದೈತಿ ಅಂತ ನಾ ಎರಡ ಸಲ ಹೇಳೀನ್ರಿ. ಯಾರೂ ಕಿವಿಗೆ ಹಾಕೊಳ್ಳಿಲ್ಲ." ಅದು ನಿಜವೇ ಆಗಿತ್ತು. ಸಾವ್ಕಾರರು ಲಾರಿಗೆ ಹೊದಿಸಲು ಹೊಸ ತಾಡಪಾಲಿಗೆ ಹೇಳಿದರು. ಅಂದಿನಿಂದ ಬಸು ಅವರನ್ನು ಕಂಡರೆ ಚಪ್ಪಲಿ ಬಿಟ್ಟು ನಮಸ್ಕಾರ ಮಾಡುತ್ತಿದ್ದ.

ಇನ್ನು ನನ್ನ ಪಾಳಿ. ಒಂದು ರವಿವಾರ ಮಧ್ಯಾಹ್ನ ನಮ್ಮ ಓಣಿಯಲ್ಲಿ ಅವರ ಸ್ಕೂಟರ್ ನಿಂತಿತು. ಚರ್ಚಿಗೆ ಹೋಗಿ ಬಂದ ಇಸ್ತ್ರಿ ಅಂಗಿಯಲ್ಲಿಯೇ ಇದ್ದರು. ನಾನು ಶೇಂಗಾ ಹೋಳಿಗೆ ತಟ್ಟುತ್ತಿದ್ದೆ. ಯಾರೋ ಸತ್ತ ಸುದ್ದಿ ತಂದಿದ್ದಾರೆ ಎಂದುಕೊಂಡು ಅತ್ತೆ ಎದೆ ಹಿಡಿದುಕೊಂಡು ಹೊರಗೆ ಬಂದರು. ಇವರು ಬಾಗಿಲಲ್ಲೇ ನಿಂತು, "ಅಕ್ಕಾರ, ನಾಳಿ ಮೀಟಿಂಗ್‌ದಾಗ ನಿಮ್ಮ ವಿಷಯ ಎತ್ತೂದೈತ್ರಿ. ಇಬ್ಬರು ರೈತರ ಮಾಲು ಅದಲಿ ಬದಲಿ ಆಗಿ ಲೋಡ್ ಆಗೇತಿ. ನಿಮಗ ಮೊದಲ ಹೇಳಿ ಹೋಗಬೇಕಂತ ಬಂದೆ" ಎಂದರು.

"ಇಷ್ಟು ಹೇಳಾಕ ಚರ್ಚಿಂದ ಇಲ್ಲೀತನಕ ಬಂದ್ರ್ಯಾ? ಫೋನ್ ಇಲ್ಲೇನ್ರಿ ನಿಮ್ಮ ಹಂತೇಕ?"

"ಮುಖಾ ನೋಡಿ ಹೇಳಾಕ ಆಗದ್ದನ್ನ ನಾಲ್ಕ ಮಂದ್ಯಾಗ ಹೇಳಬಾರದ್ರಿ. ತಪ್ಪು ಕಂಡ್ರ ಮೊದಲ ಒಬ್ಬನ ಹೋಗಿ ಅವರಿಗೇ ಹೇಳಬೇಕು ಅಂತ ಚರ್ಚಿನ್ಯಾಗ ನಮಗ ಕಲಿಸ್ಯಾರ."

ನನ್ನ ಮೈಯೆಲ್ಲ ಉರಿಯಿತು. ಆದರೆ ಅತ್ತೆ ಅವರನ್ನು ಕೂರಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಮರುದಿನ ಮೀಟಿಂಗಿನಲ್ಲಿ ಅವರು ಬಾಯಿ ತೆರೆಯುವ ಮೊದಲೇ ನಾನೇ ಎದ್ದು ತಪ್ಪು ಹೇಳಿಕೊಂಡೆ. ಹೇಳಿದ ಮೇಲೆ ಹಗುರವೆನಿಸಿತು. ಅವರು ಮುಖ ಎತ್ತಿಯೂ ನೋಡಲಿಲ್ಲ, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಇದು ಅವರ ಪದ್ಧತಿ. ವಾರವಿಡೀ ಏನು ಕಂಡರೂ, ರವಿವಾರ ಚರ್ಚು ಮುಗಿಸಿ ಸ್ಕೂಟರ್ ಹತ್ತಿ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗಿ ಆ ಮನುಷ್ಯನಿಗೆ ಎದುರಿಗೆ ಹೇಳಿ ಬರುವುದು. ಅವನು ತಾನಾಗಿ ಮೀಟಿಂಗಿನಲ್ಲಿ ಒಪ್ಪಿಕೊಂಡರೆ ಇವರ ಬಾಯಿಂದ ಆ ಮಾತೇ ಇಲ್ಲ. ನಾನೊಮ್ಮೆ, "ನಮ್ಮಲ್ಲಿ ಇದಕ್ಕ ಕಾಯಕ ಅಂತಾರ್ರಿ ಸರ್" ಎಂದೆ. "ಕಾಯಕದಾಗ ಮೀಟಿಂಗೂ ಬರತೈತೇನ್ರಿ?" ಎಂದು ಕಣ್ಣು ಮಿಟುಕಿಸಿದರು. ಆಮೇಲೆ, "ಚರ್ಚಿನ್ಯಾಗ ಒಳ್ಳೆವ ಆಗೂದು ಸುಲಭ ಐತ್ರಿ ಅಕ್ಕಾರ. ಬೆಂಚಿನ ಮ್ಯಾಲ ಸುಮ್ನ ಕುಂದ್ರೂದು, ಹಾಡೂದು. ಸೋಮವಾರ ಈ ಕುರ್ಚಿ ಮ್ಯಾಲ ಕುಂತಾಗ ಗೊತ್ತಾಗತೈತಿ ನಾ ಎಂಥವ ಅಂತ. ದೇವರು ನನಗ ಕೊಟ್ಟ ಜಾಗಾ ಇದ" ಎಂದರು.

ಅವರಲ್ಲಿ ಕುಂದುಗಳಿರಲಿಲ್ಲ ಎಂದಲ್ಲ. ಮೀಟಿಂಗು ಉದ್ದವಾಗುತ್ತಿತ್ತು. ಯಾರ ಬಗ್ಗೆಯಾದರೂ ನಾವು ಹಿಂದಿನಿಂದ ನಾಲ್ಕು ಮಾತಾಡಿ ನಗುತ್ತಿದ್ದರೆ ಇವರು ಮಾತ್ರ ನಗದೆ ಗೋಡೆ ನೋಡುತ್ತಿದ್ದರು. ಆ ಗೋಡೆ ನೋಡುವುದರಲ್ಲಿ ಸ್ವಲ್ಪ ಜಂಬವೂ ಇತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ತಮ್ಮ ಕೈ ಸ್ವಚ್ಛ ಇರಬೇಕು ಎನ್ನುವ ಹಟ ಅವರಲ್ಲಿ ಬಹಳ ಇತ್ತು. ಹಾಗೆಂದು ನಾನು ಅವರಿಗೆ ಎದುರಿಗೇ ಹೇಳಿದ್ದೇನೆ, ಹೀಗಾಗಿ ಇಲ್ಲಿ ಬರೆಯಲು ಅಂಜಿಕೆಯಿಲ್ಲ.

ಆ ಹಟವೇ ಕಡೆಗೆ ಒಬ್ಬಳ ಕೊರಳಿಗೆ ಬಂತು.

ಬಬಲೇಶ್ವರದ ಗೋದಾಮನ್ನು ನೋಡಿಕೊಳ್ಳುತ್ತಿದ್ದವಳು ರೇಷ್ಮಾ. ಅದೇ ಊರಿನ ಹುಡುಗಿ, ಡಿಗ್ರಿ ಮುಗಿಸಿ ನಮ್ಮಲ್ಲಿ ಸೇರಿದ್ದಳು. ಹಮಾಲರಿಂದ ಹಿಡಿದು ರೈತರವರೆಗೆ ಯಾರೂ ಅವಳ ಮುಂದೆ ದನಿ ಏರಿಸುತ್ತಿರಲಿಲ್ಲ. ಅವಳ ತಂದೆ ಓಣಿಯಲ್ಲಿ ನಡೆಯುವಾಗ ನನ್ನ ಮಗಳು ಗೋದಾಮಿನ ಇನ್‌ಚಾರ್ಜ್ ಎಂದು ಕೇಳದವರಿಗೂ ಹೇಳುತ್ತಿದ್ದರಂತೆ. ತಿಕೋಟಾದ ಗೋದಾಮು ಗುರುಪಾದಪ್ಪನವರದು. ಸಾವ್ಕಾರರಿಗೆ ದೂರದ ಬೀಗರು, ಬೆಣ್ಣೆಯಂಥ ಮಾತು. ಬೀಗತನದ ಸಲುಗೆಯಿಂದ ಅವರು ಪ್ರತಿ ಸೋಮವಾರ ಮೀಟಿಂಗಿಗೆ ಬರುತ್ತಿದ್ದರು. ರೇಷ್ಮಾ ಬರುತ್ತಿದ್ದದ್ದು ಸಾವ್ಕಾರರು ಕರೆದಾಗ ಮಾತ್ರ.

ಒಂದು ಶನಿವಾರ ಸಾಂಗಲಿಯಿಂದ ಫೋನ್ ಬಂತು. ನಮ್ಮ ಬಾಕ್ಸುಗಳಲ್ಲಿ ಮೇಲೆ ಹಸಿರು ಒಳ್ಳೆ ದ್ರಾಕ್ಷಿ, ಕೆಳಗೆಲ್ಲ ಕಪ್ಪು ಹಾಳುಮಾಲು. ಸಾವ್ಕಾರರು ಕೆಂಡವಾದರು. ಆ ಲಾರಿಗೆ ಎರಡೂ ಗೋದಾಮುಗಳಿಂದ ಮಾಲು ಹೋಗಿತ್ತು. "ಸೋಮವಾರ ಇದು ಬಗೀಹರೀಬೇಕು. ಯಾರ ಗೋದಾಮಿಂದ ಅಂತ ಗೊತ್ತಾಗ್ಲಿ, ಅವರನ್ನ ಬರೇ ಮನೀಗೆ ಕಳಸೂದಲ್ಲ, ಮತ್ತ ಯಾವ ಬಾಜಾರದಾಗೂ ಕೆಲಸ ಸಿಗದಂಗ ಮಾಡ್ತೀನಿ" ಎಂದರು.

ರವಿವಾರ ಇವರು ಚರ್ಚಿನಿಂದ ನೇರ ತಿಕೋಟಾಕ್ಕೆ ಹೋಗಿ ಗೋದಾಮಿನಲ್ಲಿ ಉಳಿದಿದ್ದ ಬಾಕ್ಸುಗಳನ್ನು ತೆಗೆಸಿ ನೋಡಿದರು. ಅಲ್ಲೇ ಸಿಕ್ಕಿತು. ಒಂದು ಸಾಲಿಗೆ ಸಾಲು, ಮೇಲೆ ಹಸಿರು, ಕೆಳಗೆ ಕಪ್ಪು. ಬೇರೆ ಯಾರಾದರೂ ಆಗಿದ್ದರೆ ನಿಂತ ಕಾಲಲ್ಲೇ ಸಾವ್ಕಾರರಿಗೆ ಫೋನ್ ಮಾಡುತ್ತಿದ್ದರು. ಇವರು ಗುರುಪಾದಪ್ಪನವರನ್ನು ಪಕ್ಕಕ್ಕೆ ಕರೆದು, "ನಾಳಿ ಮೀಟಿಂಗ್‌ದಾಗ ನೀವ ಹೇಳ್ರಿ. ನೀವ ಹೇಳಿದ್ರ ಮರ್ಯಾದಿ ಉಳೀತೈತಿ, ನಾನೂ ಸಾವ್ಕಾರ್‌ಗೆ ಹೇಳಿ ಸಂಬಾಳಿಸ್ತೀನಿ" ಎಂದರು. ಗುರುಪಾದಪ್ಪ ಇವರ ಎರಡೂ ಕೈ ಹಿಡಿದು ಅತ್ತರಂತೆ. "ಆಗ್ಲಿ ಸರ್, ನಾನ ಹೇಳ್ತೀನಿ" ಎಂದು ಮಾತು ಕೊಟ್ಟು, ಚಹಾ ಕುಡಿಸಿ ಕಳಿಸಿದರಂತೆ.

ಸೋಮವಾರ ಹತ್ತು ಗಂಟೆಗೆ ಇವರು ಎಂದಿನಂತೆ ಕನ್ನಡಕ ಒರೆಸಿಕೊಂಡು ಹಾಕಿಕೊಂಡರು. ಗುರುಪಾದಪ್ಪನವರ ಕಡೆ ನೋಡಿ ಧೈರ್ಯ ಹೇಳುವಂತೆ ತಲೆ ಆಡಿಸಿದರು. ಅಷ್ಟರಲ್ಲಿ ಸಾವ್ಕಾರರೇ ಮಾತು ಶುರು ಮಾಡಿದರು.

"ಕಳ್ಳ ಸಿಕ್ಕಾನ. ಸಿಕ್ಕಾಳ ಅನ್ನಬೇಕು. ಮುಂಜಾನೆ ಬಬಲೇಶ್ವರಕ್ಕ ಮಂದಿ ಕಳಿಸಿ ನೋಡ್ಸೀನಿ. ಅಲ್ಲೇ ಬಿದ್ದಾವ ಬಾಕ್ಸು. ಆ ಹುಡುಗೀಗೆ ಬಾಗಲಾ ತೋರ್ಸಿ ಬರ್ರಿ ಅಂದೀನಿ."

ಇವರ ಮುಖ ಬಿಳಿಚಿಕೊಂಡಿತು. ಎದ್ದು ನಿಂತರು. "ಸಾವ್ಕಾರ್ರ, ಆ ಮಾಲು ನಿನ್ನೆ ನಾ ತಿಕೋಟಾದಾಗ ನೋಡೀನ್ರಿ. ಕಣ್ಣಾರೆ ನೋಡೀನಿ."

"ನಿನ್ನೆ ನೋಡಿದ್ರ ನಿನ್ನೆ ಯಾಕ ಹೇಳ್ಲಿಲ್ಲ ನನಗ?"

"ಮೊದಲ ಅವರಿಗೆ ಹೇಳೂದು ನನ್ನ ಪದ್ಧತಿ ಐತ್ರಿ..."

ಗುರುಪಾದಪ್ಪ ಮೆಲ್ಲಗೆ ಕೆಮ್ಮಿದರು. "ಸರ್ ಬಂದಿದ್ದು ಖರೆ ಐತ್ರಿ. ಚಾ ಕುಡದು, ನಗನಗತಾ ಹೋದ್ರು. ಅಂಥಾ ಮಾಲು ಕಂಡಿದ್ರ ಯಾರರ ಚಾ ಕುಡೀತಾರೇನ್ರಿ?"

ನನಗೆ ತಡೆಯಲಾಗಲಿಲ್ಲ. "ಆ ಹುಡುಗೀನ ಕರೀರಿ ಇಲ್ಲೆ, ಅಕಿ ಮಾತೂ ಕೇಳೂಣು" ಎಂದು ಜೋರಾಗಿಯೇ ಹೇಳಿದೆ. ಸಾವ್ಕಾರರು ಟೇಬಲ್ ಬಡಿದರು. "ಸಾಕ್ರಿ ಅಕ್ಕಾರ. ಸರ್, ನಿಮ್ಮ ಪದ್ಧತಿ ನಿಮ್ಮ ಚರ್ಚಿನ್ಯಾಗ ಇಟ್ಕೊಳ್ರಿ. ಚಾ ತರ್ಸ್ರಿ." ಚಹಾ ಬಂತು. ಇವರು ಮುಟ್ಟಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಬಸು ನನ್ನ ಕಿಟಕಿಯ ಹತ್ತಿರ ಬಂದು ನಿಂತ. "ಅಕ್ಕಾರ, ನಿನ್ನೆ ಸಂಜೀಕ ಆ ಬಾಕ್ಸು ನನ್ನ ಟೆಂಪೋದಾಗ ಹೋಗ್ಯಾವ್ರಿ. ತಿಕೋಟಾದಿಂದ ಬಬಲೇಶ್ವರಕ್ಕ, ಗುರುಪಾದಪ್ಪನವರ ಹೇರಿಸಿ ಕಳಿಸ್ಯಾರ. ಒಳಗ ಏನೈತಿ ನನಗ ಗೊತ್ತಿರಲಿಲ್ಲ." ನಾನು ಅವನನ್ನು ರಟ್ಟೆ ಹಿಡಿದು ಸಾವ್ಕಾರರ ಕೋಣೆಗೆ ಎಳೆದೊಯ್ಯುವವಳೇ ಇದ್ದೆ. ಅವನು ನೆಲಕ್ಕೆ ಕುಸಿದು, "ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಯವ್ವಾ" ಎಂದ. ಇವರು ಬಂದು ನನ್ನ ಕೈ ಬಿಡಿಸಿದರು.

"ಬ್ಯಾಡ್ರಿ. ಅವ ತಾನಾಗಿ ಹೇಳಬೇಕು. ನಾವು ಎಳದು ಹೇಳ್ಸಿದ್ರ ಆ ಕೋಣ್ಯಾಗ ಇವತ್ತ ನಡದದ್ದಕ್ಕೂ ಇದಕ್ಕೂ ಏನ ಫರಕ?"

"ನಿಮ್ಮ ಪದ್ಧತಿಗೆ ಬೆಂಕಿ ಬೀಳ್ಲಿ!" ಎಂದು ನಾನು ಕಿರುಚಿದೆ. ಬಸು ತಾನಾಗಿ ಹೇಳಲೇ ಇಲ್ಲ. ತಿಂಗಳೊಳಗೆ ಬೇರೆ ಕಡೆ ಕೆಲಸ ಹಿಡಿದು ಹೋದ. ಅವನ ಸಾಕ್ಷಿಯಿಲ್ಲದೆ ನಾನು ಹೇಳಿದರೆ ಸಾವ್ಕಾರರು ನಂಬುವ ಹಾಗಿರಲಿಲ್ಲ.

ಅದೇ ಸಂಜೆ ಇವರು ಬಬಲೇಶ್ವರಕ್ಕೆ ಹೊರಟರು, ಜೊತೆಗೆ ನನ್ನನ್ನೂ ಕರೆದರು. ಬಸ್ಸು ಹತ್ತಿ ಹೋದೆವು. ರೇಷ್ಮಾ ಬಾಗಿಲಿಗೆ ಬಂದಳು. ಒಳಗೆ ಅವಳ ತಂದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಇವರು ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದರು. ಏನನ್ನೂ ಮುಚ್ಚಲಿಲ್ಲ, ತಿಕೋಟಾದಲ್ಲಿ ಕಂಡದ್ದು, ಗುರುಪಾದಪ್ಪನವರಿಗೆ ಮೊದಲು ಹೇಳಿದ್ದು, ಚಹಾ ಕುಡಿದದ್ದು. ಅವಳು ಅಳಲಿಲ್ಲ. ಕೇಳಿ ಮುಗಿದ ಮೇಲೆ ಹೇಳಿದಳು.

"ನೀವು ಅವರ ಮರ್ಯಾದಿ ಉಳಸಾಕ ಹೋಗಿದ್ರಿ ಸರ್. ನನ್ನ ಮರ್ಯಾದಿ ನಿಮ್ಮ ನೆನಪಿನ್ಯಾಗ ಇರಲಿಲ್ಲೇನ್ರಿ?"

ಬಾಗಿಲು ಹಾಕಿಕೊಂಡಳು. ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಒರೆಸಲಿಲ್ಲ. ವಿಜಾಪುರ ಹತ್ತಿರ ಬಂದಾಗ ಕೇಳಿದರು: "ಅಕ್ಕಾರ, ನಾ ದೇವರ ಮಾತು ಕೇಳಿ ಹಂಗ ಮಾಡಿದ್ನೋ, ನನ್ನ ಕೈ ಸ್ವಚ್ಛ ಇರ್ಲಿ ಅಂತ ಮಾಡಿದ್ನೋ, ತಿಳೀವಲ್ದು. ನಿಮಗೇನರ ತಿಳೀತೈತೇನ್ರಿ?" ನನಗೂ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಅವರು ರಾಜೀನಾಮೆ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಡಲಿಲ್ಲ. "ಬಿಟ್ಟು ಹೋದ್ರ ಮತ್ತ ನನ್ನ ಕೈ ತೊಳಕೊಂಡಂಗ ಆಗತೈತಿ" ಎಂದರು. ಮುಂದಿನ ಸೋಮವಾರ ಮೀಟಿಂಗ್ ಶುರುವಾಗುವ ಮೊದಲು ಎದ್ದು ನಿಂತರು. "ರೇಷ್ಮಾ ಮ್ಯಾಲ ಈ ಕೋಣ್ಯಾಗ ಹೊರಿಸಿದ ಮಾತು ಸುಳ್ಳೈತ್ರಿ. ಆ ಮಾಲು ನಾ ತಿಕೋಟಾದಾಗ ನೋಡೀನಿ" ಎಂದು ಹೇಳಿ ಕುಳಿತರು. ಅದರ ಮುಂದಿನ ಸೋಮವಾರವೂ ಅದೇ ಮಾತು. ಆಮೇಲಿನ ಸೋಮವಾರವೂ ಅದೇ. ಗುರುಪಾದಪ್ಪ ಮೊದಮೊದಲು ನಕ್ಕರು, ಆಮೇಲೆ ಮೊಬೈಲ್ ನೋಡತೊಡಗಿದರು, ಆಮೇಲಾಮೇಲೆ ಮೀಟಿಂಗಿಗೆ ತಡವಾಗಿ ಬರತೊಡಗಿದರು. ಸಾವ್ಕಾರರು ಒಮ್ಮೆ ರೇಗಿದರು, ಒಮ್ಮೆ ಕೈ ಮುಗಿದರು. ಸಾಂಗಲಿಯವರು ನಂಬುವುದು ಇವರ ಬೆರಳನ್ನು, ಹೀಗಾಗಿ ತೆಗೆದುಹಾಕುವ ಹಾಗಿರಲಿಲ್ಲ. ಕಡೆಗೆ ಆ ಮಾತು ಬಂದೊಡನೆ "ಚಾ ತರ್ಸ್ರಿ" ಎನ್ನುವುದೇ ಅವರ ಉತ್ತರವಾಯಿತು. ಇವರು ಮಾತ್ರ ಮೊದಲಿನ ಹಾಗೆ ಕನ್ನಡಕ ತೆಗೆಯುತ್ತಿರಲಿಲ್ಲ. "ಪ್ರಾರ್ಥನಾ ಬಿಟ್ರ್ಯಾ?" ಎಂದು ಕೇಳಿದೆ. "ಇಲ್ರಿ. ಕಣ್ಣ ತೆರದ ಮಾಡ್ತೀನಿ ಈಗ" ಎಂದರು.

ಎರಡು ಸುಗ್ಗಿ ಹೀಗೇ ಕಳೆದವು. ಒಂದು ಸೋಮವಾರವೂ ತಪ್ಪಲಿಲ್ಲ. ರೇಷ್ಮಾಗೆ ಮತ್ತೆಲ್ಲೂ ಕೆಲಸ ಸಿಗಲಿಲ್ಲ, ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಾಳೆ ಎಂದು ಕೇಳಿದ್ದೆ. ಹೋದ ವಾರ ಇವರಿಗೆ ಮನೆಯಲ್ಲೇ ಎದೆನೋವು ಬಂತು. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು. ಮಣ್ಣು ಕೊಡುವಾಗ ಎಲ್ಲರಿಗಿಂತ ಜೋರಾಗಿ ಅತ್ತವರು ಗುರುಪಾದಪ್ಪ. ಆ ಅಳು ಖರೆಯೋ ಸುಳ್ಳೋ, ಅದನ್ನು ಕೇಳಲು ನನಗೆ ಹೆದರಿಕೆಯಾಯಿತು.

ಮೊನ್ನೆ ಸೋಮವಾರ ಹತ್ತು ಗಂಟೆಗೆ ಮೀಟಿಂಗ್. ಸಾವ್ಕಾರರು ಎಲ್ಲರನ್ನೂ ನಿಲ್ಲಿಸಿ ಮೌನ ಆಚರಿಸಿದರು. ಅವರ ಕುರ್ಚಿಯನ್ನು ಯಾರೋ ಹೊರಗೆ ತೆಗೆದಿಟ್ಟಿದ್ದರು. ಎಲ್ಲರೂ ಕುಳಿತರು, ನಾನು ಕೂರಲಿಲ್ಲ.

"ಸರ್ ಹೇಳತಿದ್ದ ಮಾತು ಇವತ್ತ ನಾ ಹೇಳ್ತೀನ್ರಿ. ರೇಷ್ಮಾ ಮ್ಯಾಲ ಈ ಕೋಣ್ಯಾಗ ಹೊರಿಸಿದ ಮಾತು ಸುಳ್ಳೈತಿ. ಆ ಮಾಲು ಅವರು ತಿಕೋಟಾದಾಗ ನೋಡ್ಯಾರ."

ಸಾವ್ಕಾರರು ನನ್ನ ಮುಖ ನೋಡಿದರು. ಚಹಾದ ಸುದ್ದಿ ಎತ್ತಲಿಲ್ಲ. ಮುಂದಿನ ವಿಷಯಕ್ಕೆ ಹೋದರು.

ಮಧ್ಯಾಹ್ನ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಅಕ್ಕಾರ, ನಾ ರೇಷ್ಮಾ ಮಾತಾಡಾಕತ್ತೀನಿ. ಸರ್‌ಗೆ ಆರಾಮ ಇಲ್ಲೇನ್ರಿ?"

ಅವಳಿಗೆ ಯಾರೂ ತಿಳಿಸಿರಲಿಲ್ಲ. ಅವಳಿಗೆ ಅವರ ಮೇಲೆ ಸಿಟ್ಟಿದೆ ಎಂದುಕೊಂಡಿದ್ದೆ, ಹೀಗಾಗಿ ತಿಳಿಸಬೇಕೆಂದು ನನಗೂ ಹೊಳೆದಿರಲಿಲ್ಲ. "ಯಾಕವ್ವಾ ಹಂಗ ಕೇಳಾಕತ್ತಿ?" ಎಂದೆ.

"ಸೋಮವಾರಕ್ಕೊಮ್ಮೆ ಮೀಟಿಂಗ್ ಮುಗಿದಕೂಡ್ಲೆ ಅವರ ಫೋನ್ ಬರತಿತ್ರಿ. 'ಇವತ್ತೂ ಹೇಳೀನವ್ವಾ' ಅಂತಿದ್ರು, ಅಷ್ಟ. ನಾ ಕೇಳಿ ಇಟ್ಟಬಿಡತಿದ್ದೆ. ಇವತ್ತ ಬರಲಿಲ್ಲ."

ಹೇಳಬೇಕಾದದ್ದನ್ನು ಹೇಳಿದೆ. ಅವಳು ಕೇಳಿದಳು.

"ಹಂಗಾರ ಇವತ್ತ ಮೀಟಿಂಗ್‌ದಾಗ ಯಾರೂ ಹೇಳಲಿಲ್ಲೇನ್ರಿ?"

"ಹೇಳೀನವ್ವಾ. ನಾ ಹೇಳೀನಿ."

ಅವಳು ಫೋನ್ ಇಡಲಿಲ್ಲ.

"ಒಂದ ಸಲಾನೂ ನಾ ಅವರಿಗೆ ಹೂಂ ಅನ್ನಲಿಲ್ಲಲ್ರಿ ಅಕ್ಕಾರ" ಎಂದಳು.